ಅರಿಯೇಜ್ ಕಣಿವೆಯ ಕರಿಕುದುರೆಗಳು: ಅಮ್ಮನ ಜೊತೆ ನಾಲ್ಕು ದಿನ

ಮೊದಲ ದಿನ: ತುಲೂಸ್‌ನಿಂದ ಲಾ ಬಾಸ್ತೀದ್ ದ ಸೆರೂ

ಪ್ಯಾರಿಸ್ ಎರಡೇ ದಿನಕ್ಕೆ ಅಮ್ಮನಿಗೆ ಸಾಕಾಗಿತ್ತು. "ಎಷ್ಟು ಅಂತ ಕಲ್ಲು ಕಟ್ಟಡ ನೋಡೋದು ಕಣೋ, ಕಾಲು ಬಿದ್ದುಹೋಯ್ತು" ಅಂದರು. ಅಕ್ಕ, ಭಾವ ಇರುವುದು ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ. ಭಾವನಿಗೆ ಅಲ್ಲಿ ವಿಮಾನದ ಕಂಪನಿಯಲ್ಲಿ ಕೆಲಸ. ಅವರ ಮನೆಗೆ ಬಂದು, ಒಂದು ದಿನ ಪೂರ್ತಿ ಮಲಗಿ ಎದ್ದಮೇಲೆ ಅಕ್ಕ ಕೇಳಿದಳು: "ಅಮ್ಮಾ, ಬೆಟ್ಟದ ಕಡೆ ಹೋಗೋಣ್ವಾ? ಕುದುರೆ ಇದಾವೆ."

"ಯಾವ ಕುದುರೆ? ರೇಸಿನದ್ದಾ?"

"ಅಲ್ಲಮ್ಮ. ಗಾಡಿ ಎಳೆಯೋದು, ಸವಾರಿ ಮಾಡೋದು, ಎರಡೂ."

ಅಮ್ಮ ತಕ್ಷಣ ಸೀರೆ ಬ್ಯಾಗಿಗೆ ತುಂಬತೊಡಗಿದರು. ಇದಕ್ಕೆ ಕಾರಣ ಹೇಳಬೇಕು. ಅಮ್ಮ ಮೈಸೂರಿನ ಅಗ್ರಹಾರದಲ್ಲಿ ಬೆಳೆದವರು. ಸ್ಕೂಲಿಗೆ ಹೋಗಿದ್ದೆಲ್ಲ ಜಟಕಾದಲ್ಲಿ. ಒಂದು ಜಟಕಾಗೆ ಎಂಟು ಮಕ್ಕಳು, ಹುಲ್ಲಿನ ಮೇಲೆ ಹಾಸಿದ ಹಳೇ ಜಮಖಾನ, ಅದರ ವಾಸನೆ. ಅಮ್ಮನಿಗೆ ಆ ಕಾಲದ ಬಗ್ಗೆ ಅಂಥ ಭಾವುಕತೆಯೇನೂ ಇಲ್ಲ. "ಸಾಬರು ಎಂಟಾಣೆ ಅಂದ್ರೆ ನಮ್ಮಪ್ಪ ಆರಾಣೆ ಅಂತಿದ್ರು, ದಿನಾ ಅದೇ ಜಗಳ" ಅನ್ನುವುದಷ್ಟೇ ಅವರ ನೆನಪು. ಆದರೆ ಕುದುರೆಯ ಕಾಲು, ಗೊರಸು, ಲಾಳ ನೋಡಿ ಅದು ಹೇಗಿದೆ ಅಂತ ಈಗಲೂ ಹೇಳಬಲ್ಲರು.

ತುಲೂಸ್‌ನಿಂದ ದಕ್ಷಿಣಕ್ಕೆ ಹೊರಟರೆ ಒಂದು ಗಂಟೆಯಲ್ಲಿ ಫ್ವಾ ಊರು. ಬಂಡೆಯ ಮೇಲೆ ಮೂರು ಗೋಪುರದ ಕೋಟೆ ದೂರದಿಂದಲೇ ಕಾಣುತ್ತದೆ. ಅಲ್ಲಿವರೆಗೆ ರಸ್ತೆ ಸಪಾಟು, ಬೇಸರ. ಫ್ವಾದಿಂದ ಪಶ್ಚಿಮಕ್ಕೆ ತಿರುಗಿದ ಮೇಲೆ ಶುರುವಾಗುವುದೇ ಬೇರೆ. ಎರಡೂ ಬದಿ ಓಕ್ ಮರ, ಸುಣ್ಣದ ಕಲ್ಲಿನ ಮನೆಗಳು, ಮಂಕಾದ ನೀಲಿ ಕಿಟಕಿ ಬಾಗಿಲು. ಎಡಕ್ಕೆ ಪಿರೆನೀಸ್ ಬೆಟ್ಟದ ಸಾಲು. ಅದರಾಚೆಗೆ ಸ್ಪೇನ್.

ಲಾ ಬಾಸ್ತೀದ್ ಊರು ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ. ಅಲ್ಲಿಗೆ ಊಟದ ಆಸೆ ಮುಗಿಯಿತು. ಈ ಕಡೆ ಹಳ್ಳಿಗಳಲ್ಲಿ ಹನ್ನೆರಡರಿಂದ ಎರಡರ ಒಳಗೆ ಹೋಟೆಲ್ ಕುರ್ಚಿಯಲ್ಲಿ ಕೂತಿರಬೇಕು, ಇಲ್ಲದಿದ್ದರೆ ಒಲೆ ಆರಿರುತ್ತದೆ. ಅಂಗಡಿಗಳೂ ಆ ಹೊತ್ತಿಗೆ ಬಾಗಿಲು ಹಾಕಿರುತ್ತವೆ. ಹೋಟೆಲಿನವನು ನಗುತ್ತಲೇ ಕೈಯಾಡಿಸಿಬಿಟ್ಟ. ಕಾರಿನ ಬಾನೆಟ್ ಮೇಲೆ ಪೇಪರ್ ಹಾಸಿ ಅಮ್ಮನ ಚಪಾತಿ, ಹುರುಳಿ ಚಟ್ನಿಪುಡಿ ತಿಂದೆವು. ಈ ಚಟ್ನಿಪುಡಿ ಮುಂದೆ ಕಥೆಯಲ್ಲಿ ಬರುತ್ತದೆ.

ನಾವು ನೋಡಲು ಬಂದ ಕುದುರೆಯ ಹೆಸರು ಮೆರೆನ್ಸ್. ಅರಿಯೇಜ್ ಜಿಲ್ಲೆಯದ್ದೇ ತಳಿ, ಅದೇ ಹೆಸರಿನ ಬೆಟ್ಟದ ಹಳ್ಳಿಯಿಂದ ಬಂದ ಹೆಸರು. ಅಮ್ಮ ಅದನ್ನು ಒಂದೇ ಏಟಿಗೆ "ಮೆರವಣಿಗೆ ಕುದುರೆ" ಮಾಡಿಬಿಟ್ಟರು. ಪ್ರವಾಸ ಮುಗಿಯುವವರೆಗೂ ಅದೇ ಹೆಸರು.

ಅಕ್ಕನ ಪರಿಚಯದವರ ಮೂಲಕ ಒಬ್ಬ ಸಾಕಣೆದಾರರ ಮನೆ ಗೊತ್ತಾಗಿತ್ತು. ಅರವತ್ತು ದಾಟಿದ ಹೆಂಗಸು, ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ಸಗಣಿ ಬಾಚುವ ಫೋರ್ಕು. ಆಕೆ ಸಿಳ್ಳೆ ಹಾಕಿದ್ದೇ ತಡ, ಗದ್ದೆಯ ಆ ತುದಿಯಿಂದ ಐದು ಕುದುರೆ ಓಡಿ ಬಂದವು. ಪೂರ್ತಿ ಕಪ್ಪು. ಗಿಡ್ಡ ಅಂತಲೂ ಅಲ್ಲ, ಎತ್ತರ ಅಂತಲೂ ಅಲ್ಲ. ಭುಜದ ಹತ್ತಿರ 145ರಿಂದ 155 ಸೆಂಟಿಮೀಟರ್, ತೂಕ ನಾಲ್ಕೈದು ನೂರು ಕಿಲೋ. ದಪ್ಪ ಕುತ್ತಿಗೆ, ಅಲೆ ಅಲೆಯಾದ ಜೂಲು, ಗೊರಸಿನ ಹಿಂದೆ ಸ್ವಲ್ಪ ಕೂದಲು. ಗಲ್ಲದ ಕೆಳಗೂ ಗಡ್ಡದಂತೆ ನಾಲ್ಕು ಕೂದಲು.

ಅಮ್ಮ ಬೇಲಿಯ ಹತ್ತಿರ ಹೋಗಿ ಮೊದಲು ನೋಡಿದ್ದು ಕಾಲು. "ಗೊರಸು ಗಟ್ಟಿಯಾಗಿದೆ. ಲಾಳ ಯಾಕಿಲ್ಲ?"

ಅಕ್ಕ ಕೇಳಿದಳು. ಕಲ್ಲಿನ ಬೆಟ್ಟದಲ್ಲಿ ಹುಟ್ಟಿ ಬೆಳೆದದ್ದರಿಂದ ಗೊರಸು ತಾನೇ ಗಟ್ಟಿ, ಡಾಂಬರು ರಸ್ತೆಯಲ್ಲಿ ಜಾಸ್ತಿ ಕೆಲಸ ಇದ್ದರೆ ಮಾತ್ರ ಲಾಳ ಹೊಡೆಸುತ್ತೇನೆ ಅಂದರು ಆಕೆ. ಆಮೇಲೆ ಹೇಳುತ್ತಾ ಹೋದರು. ಹೆಣ್ಣು ಕುದುರೆಗಳು, ಮರಿಗಳು ಈಗ ಇಲ್ಲಿಲ್ಲ. ಜೂನ್‌ನಲ್ಲಿ ಮೇಲಿನ ಹುಲ್ಲುಗಾವಲಿಗೆ ಹೋದರೆ ಇಳಿಯುವುದು ಅಕ್ಟೋಬರ್‌ನಲ್ಲೇ. ಮರಿ ಹುಟ್ಟುವಾಗ ಕೆಲವು ಬೂದಿ ಬಣ್ಣ, ಕೆಲವು ಕಾಫಿ ಬಣ್ಣ ಇರುತ್ತವೆ, ಬೆಳೆಯುತ್ತಾ ಕಪ್ಪಾಗುತ್ತವೆ. ಚಳಿಗಾಲದಲ್ಲಿ ಕೂದಲು ದಟ್ಟವಾಗಿ ಕೆಂಪು ಛಾಯೆ ಬರುತ್ತದೆ, ಬೇಸಿಗೆಯಲ್ಲಿ ಮತ್ತೆ ಮಿರಿಮಿರಿ.

ಆಕೆಯ ಅಜ್ಜನ ಕಾಲದಲ್ಲಿ ಇದೇ ಕುದುರೆ ನೇಗಿಲು ಎಳೆಯುತ್ತಿತ್ತು, ಕಾಡಿನಿಂದ ದಿಮ್ಮಿ ತರುತ್ತಿತ್ತು, ಸೌದೆ ಹೊರುತ್ತಿತ್ತು, ಭಾನುವಾರ ಚರ್ಚಿಗೆ ಮನೆಯವರನ್ನು ಕರೆದುಕೊಂಡು ಹೋಗುತ್ತಿತ್ತು. ಇದರ ಹಿಂದಿನ ತಲೆಮಾರು ನೆಪೋಲಿಯನ್ ಸೈನ್ಯದ ಜೊತೆ ರಷ್ಯಾದವರೆಗೂ ಹೋಗಿತ್ತಂತೆ. ಆಮೇಲೆ ಟ್ರ್ಯಾಕ್ಟರ್ ಬಂತು. ಮರಿಗಳು ಕಸಾಯಿಖಾನೆಗೆ ಹೋಗತೊಡಗಿದವು. 1970ರ ದಶಕದ ಹೊತ್ತಿಗೆ ನೋಂದಣಿಯಾಗಿ ಉಳಿದದ್ದು ನಲವತ್ತರ ಆಸುಪಾಸು. ಉಳಿಸಿದವರು ಯಾರು ಅಂತ ಕೇಳಿದರೆ ಆಕೆ ನಕ್ಕರು: "ಉದ್ದ ಕೂದಲಿನವರು." 1968ರ ವಿದ್ಯಾರ್ಥಿ ಗಲಾಟೆಗಳಾದ ಮೇಲೆ ನಗರ ಬಿಟ್ಟು, ಖಾಲಿ ಬಿದ್ದ ಬೆಟ್ಟದ ಹಳ್ಳಿಗಳಿಗೆ ಬಂದ ಹಿಪ್ಪಿಗಳು. ಅವರಿಗೆ ಟ್ರ್ಯಾಕ್ಟರ್ ಕೊಳ್ಳಲು ದುಡ್ಡಿರಲಿಲ್ಲ. ಕುದುರೆ ಕೊಂಡರು. ಊರಿನ ಹಳಬರು ಮೊದಲು ಆಡಿಕೊಂಡರಂತೆ, ಆಮೇಲೆ ಅವರೇ ಬಂದು ಸಾಕುವುದು ಹೇಳಿಕೊಟ್ಟರಂತೆ.

"ಇದಕ್ಕೆ ಹುರುಳಿ ಕೊಡಲ್ವಾ?" ಅಮ್ಮನಿಗೆ ಅದೇ ಚಿಂತೆ.

ಹುರುಳಿಗೆ ಫ್ರೆಂಚ್‌ನಲ್ಲಿ ಏನಂತಾರೋ ಅಕ್ಕನಿಗೆ ಗೊತ್ತಿಲ್ಲ. ಇಂಗ್ಲಿಷಿನ ಹೆಸರನ್ನೇ ತಿರುಗಿಸಿ "ಕುದುರೆ ಕಾಳು" ಅಂದಳು. ಆಕೆ ಕಣ್ಣರಳಿಸಿ, "ಕುದುರೆ ಕಾಳನ್ನು ನೀವು ತಿಂತೀರಾ?" ಅಂದರು. ಅಮ್ಮ ಬ್ಯಾಗಿನಿಂದ ಚಟ್ನಿಪುಡಿ ಡಬ್ಬಿ ತೆಗೆದೇಬಿಟ್ಟರು. ಆಕೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕೆಮ್ಮಿ, ನಲ್ಲಿಗೆ ಓಡಿದರು. ಅಷ್ಟರಲ್ಲಿ ಒಂದು ಕುದುರೆ ಬೇಲಿ ಮೇಲಿಂದ ಡಬ್ಬಿ ಮೂಸಿತು. ಮೂಸಿ, ತಲೆ ಮೇಲೆತ್ತಿ, ಮೇಲಿನ ತುಟಿ ಮಡಚಿ ಹಲ್ಲೆಲ್ಲ ತೋರಿಸಿತು. ಭಾವ ನಕ್ಕೂ ನಕ್ಕೂ ಬೇಲಿ ಹಿಡಿದುಕೊಂಡರು. ಬೇಲಿಗೆ ಕರೆಂಟಿತ್ತು. ಹೆಚ್ಚೇನಿಲ್ಲ, ಚುರುಕ್ ಅಂತಷ್ಟೇ. ಆದರೂ ಕುದುರೆ ಫಾರಂಗಳಲ್ಲಿ ಬಿಳಿ ಪಟ್ಟಿಯ ಬೇಲಿ ಕಂಡರೆ ಕೈ ಇಡಬೇಡಿ.

ಹೊರಡುವಾಗ ಆಕೆ ಹೇಳಿದರು: "ನಾಲ್ಕನೇ ದಿನ ವಾಪಸ್ ಈ ದಾರೀಲೇ ಬರ್ತೀರಲ್ಲ, ಬನ್ನಿ. ಗಾಡಿ ಕಟ್ತೀನಿ."

ಎರಡನೇ ದಿನ: ನಿಯೋ ಗುಹೆ

ರಾತ್ರಿ ಮಳೆ. ಬೆಳಿಗ್ಗೆ ಎದ್ದರೆ ಕಣಿವೆ ತುಂಬ ಹತ್ತಿಯ ಹಾಗೆ ಮಂಜು. ತರಾಸ್ಕೋಂ ಊರಿನ ಪಕ್ಕದ ನಿಯೋ ಗುಹೆಗೆ ಅಕ್ಕ ಮುಂಚೆಯೇ ಟಿಕೆಟ್ ಮಾಡಿಸಿದ್ದಳು. ಸುಮ್ನೆ ಹೋಗಿ ನಿಂತರೆ ಜಾಗ ಸಿಗುವುದು ಕಷ್ಟ, ಒಂದು ಸಲಕ್ಕೆ ಚಿಕ್ಕ ಗುಂಪನ್ನಷ್ಟೇ ಬಿಡುತ್ತಾರೆ. ಒಳಗೆ ವರ್ಷವಿಡೀ 12 ಡಿಗ್ರಿ ಚಳಿ. ದೀಪ ಅವರೇ ಕೊಡುತ್ತಾರೆ. ನೆಲ ಏರುಪೇರು, ಜಾರುತ್ತದೆ. ಹಾಗಾಗಿ ಅಮ್ಮನನ್ನು ಭಾವ ತರಾಸ್ಕೋಂನಲ್ಲಿರುವ ಪ್ರಾಗೈತಿಹಾಸಿಕ ಉದ್ಯಾನಕ್ಕೆ ಕರೆದುಕೊಂಡು ಹೋದರು. ಗುಹೆಯ ಚಿತ್ರಗಳನ್ನು ಅಲ್ಲಿ ಹಾಗ್ಹಾಗೇ ನಕಲು ಮಾಡಿಟ್ಟಿದ್ದಾರೆ. ಮಂಡಿ ನೋವಿನವರಿಗೆ ಅದೇ ಸರಿ.

ನಾನೂ ಅಕ್ಕನೂ ಕತ್ತಲಲ್ಲಿ 800 ಮೀಟರ್ ನಡೆದೆವು. ದಾರಿಯ ಗೋಡೆಯ ಮೇಲೆ 1660ರಲ್ಲಿ ಬಂದವನೊಬ್ಬ ಹೆಸರು ಬರೆದು ಹೋಗಿದ್ದಾನೆ. ಹಂಪಿಯ ಕಂಬಗಳ ಮೇಲೆ ಬರೆಯುವವರ ವಂಶ ಎಲ್ಲ ಕಡೆಯೂ ಇದೆ! ಕೊನೆಗೆ ಕಪ್ಪು ಸಭಾಂಗಣ ಅಂತ ಕರೆಯುವ ದೊಡ್ಡ ಕೋಣೆ. ಗೈಡು ನಮ್ಮೆಲ್ಲರ ದೀಪ ಆರಿಸಿ, ತನ್ನದೊಂದನ್ನೇ ಗೋಡೆಗೆ ಹಿಡಿದಳು. ಕಾಡೆಮ್ಮೆ. ಕಾಡುಮೇಕೆ. ಆಮೇಲೆ ಕುದುರೆ. ಸುಮಾರು 14,000 ವರ್ಷದ ಹಿಂದಿನ ಕಪ್ಪು ಗೆರೆಗಳು. 1906ರಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿ ಮಕ್ಕಳ ಜೊತೆ ಬಂದು ಇವನ್ನು ನೋಡುವವರೆಗೆ ಇವು ಎಷ್ಟು ಹಳೆಯವು ಅಂತ ಯಾರಿಗೂ ಗೊತ್ತಾಗಿರಲಿಲ್ಲ. ಕುದುರೆಗೆ ಗಲ್ಲದ ಕೆಳಗೆ ಗಡ್ಡ. ನಿನ್ನೆ ನೋಡಿದ್ದೇ! ನನ್ನ ಕುತ್ತಿಗೆಯ ಕೂದಲು ನಿಂತಿತು.

ಮೆರೆನ್ಸ್ ಸಾಕುವವರು ಇದನ್ನೇ ತೋರಿಸಿ "ನೋಡಿ, ನಮ್ಮ ಕುದುರೆ" ಅನ್ನುತ್ತಾರೆ. ಹೊರಗೆ ಬಂದು ತಲೆ ತಣ್ಣಗಾದ ಮೇಲೆ ನನಗೆ ಅಷ್ಟು ಖಾತ್ರಿ ಉಳಿಯಲಿಲ್ಲ. ಚಿತ್ರದ ಕುದುರೆಗೆ ಜೂಲು ಕುಚ್ಚಿನ ಹಾಗೆ ನೆಟ್ಟಗೆ ನಿಂತಿದೆ, ಹೊಟ್ಟೆಯ ಹತ್ತಿರ ಬಣ್ಣ ಬದಲಾಗುವ ಗೆರೆ ಇದೆ. ಮಂಗೋಲಿಯಾದ ಕಾಡುಕುದುರೆಯ ಮುಖಚಹರೆ ಅದು. ಚಳಿಗೆ ಯಾವ ಕುದುರೆಗಾದರೂ ಗಡ್ಡ ಬರುತ್ತದೆ, ಅಲ್ವಾ?

ರಾತ್ರಿ ಬಾಡಿಗೆ ಮನೆಯಲ್ಲಿ ಇದೇ ಚರ್ಚೆ. ನಕಲು ನೋಡಿ ಬಂದ ಅಮ್ಮನ ತೀರ್ಪು: "ಮೆರವಣಿಗೆ ಕುದುರೆ ಅಲ್ಲ ಅದು. ಹೊಟ್ಟೆ ನೋಡು, ಬಸುರಿ ಥರ. ಗಾಡಿ ಎಳೆಯೋಕೆ ಆಗಲ್ಲ."

ಅವತ್ತು ಊಟಕ್ಕೆ ಅಜಿನಾ ಅನ್ನುವ ಇಲ್ಲಿನ ಕೋಸಿನ ಸೂಪು ಕೇಳಿದ್ದೆವು. ಕೋಸು ಅಂದಮೇಲೆ ಸಸ್ಯಾಹಾರ ಅಂದುಕೊಂಡದ್ದು ನಮ್ಮ ತಪ್ಪು. ಹಂದಿ, ಬಾತು ಎರಡೂ ಅದರಲ್ಲಿ. ನಾನೂ ಭಾವನೂ ಎರಡೆರಡು ಬಟ್ಟಲು ಮುಗಿಸಿದೆವು. ಅಮ್ಮ, ಅಕ್ಕನಿಗೆ ಬ್ರೆಡ್ಡು, ಬೆತ್ಮಾಲ್ ಕಣಿವೆಯ ಚೀಸು, ಕೊನೆಗೆ ಸೇಬು ತುಂಬಿದ ಕ್ರುಸ್ತಾದ್. ಪದರಪದರವಾಗಿ ಬಿರಿಯುವ ಅದನ್ನು ಅಮ್ಮ "ಚಿರೋಟಿಗೆ ಸೇಬು ಸೇರಿಸಿದಾರೆ" ಅಂದು ಇನ್ನೊಂದು ತುಂಡು ಹಾಕಿಸಿಕೊಂಡರು.

ಮೂರನೇ ದಿನ: ಆಕ್ಸ್, ಮತ್ತೆ ಮೆರೆನ್ಸ್ ಹಳ್ಳಿ

ಆಕ್ಸ್ ಲೆ ತೆರ್ಮ್ ಊರಿನ ನಡುಮಧ್ಯೆ ಬಿಸಿನೀರಿನ ತೊಟ್ಟಿ ಇದೆ. ಕುಷ್ಠ ಹತ್ತಿಸಿಕೊಂಡು ಕ್ರೈಸ್ತರ ಧರ್ಮಯುದ್ಧದಿಂದ ಮರಳಿದ ಸೈನಿಕರಿಗಾಗಿ 1260ರಲ್ಲಿ ಕಟ್ಟಿಸಿದ್ದು. ಈಗ ಯಾರು ಬೇಕಾದರೂ ಬಂದು ಸುಮ್ನೆ ಕಾಲು ಇಳಿಬಿಟ್ಟು ಕೂರಬಹುದು, ದುಡ್ಡಿಲ್ಲ. ಟವೆಲ್ ಮಾತ್ರ ಮರೆಯಬೇಡಿ. ಗಂಧಕದ ವಾಸನೆ ಐದು ನಿಮಿಷಕ್ಕೆ ಅಭ್ಯಾಸವಾಗುತ್ತದೆ. ಪ್ಯಾರಿಸ್ಸಿನಿಂದ ಹೊತ್ತು ತಂದ ಅಮ್ಮನ ಕಾಲುನೋವು ಇಲ್ಲಿ ಇಳಿಯಿತು. ಪಕ್ಕದಲ್ಲಿ ಕೂತ ಫ್ರೆಂಚ್ ಅಜ್ಜಿ ತನ್ನ ಮಂಡಿ ತೋರಿಸಿದರು, ಅಮ್ಮ ತಮ್ಮ ಮಂಡಿ ತೋರಿಸಿದರು. ಭಾಷೆ ಬೇಕಾಗಲಿಲ್ಲ. "ನೀವು ಹೋಗಿಬನ್ನಿ, ನಾನಿಲ್ಲೇ ಇರ್ತೀನಿ" ಅಂತ ಅಮ್ಮ. ಅಕ್ಕನೂ ಉಳಿದಳು.

ನಾನು, ಭಾವ ಮೆರೆನ್ಸ್ ಲೆ ವಾಲ್ ಹಳ್ಳಿಗೆ ಹೊರಟೆವು. ಎಂಟೊಂಬತ್ತು ಕಿಲೋಮೀಟರ್ ಅಷ್ಟೇ. ಆದರೆ ಅದು ಅಂಡೋರಾ ಅನ್ನುವ ಪುಟ್ಟ ದೇಶಕ್ಕೆ ಹೋಗುವ ಹೆದ್ದಾರಿ. ಅಲ್ಲಿ ಪೆಟ್ರೋಲ್, ಸಿಗರೇಟು ಅಗ್ಗ ಅಂತ ಕಾರುಗಳ ಸಾಲೇ ಸಾಲು. ಕಾರು ಬೇಡ ಅನ್ನುವವರು ತುಲೂಸ್‌ನಿಂದ ರೈಲಿನಲ್ಲೇ ಬರಬಹುದು, ಹಳ್ಳಿಗೆ ಸ್ಟೇಷನ್ ಇದೆ. ನಾವೂ ಹಾಗೇ ಮಾಡಬೇಕಿತ್ತು. ಮೇಲಿನ ಹಳ್ಳಿಯ ಓಣಿಯಲ್ಲಿ ಭಾವ ಕಾರಿನ ಕನ್ನಡಿಯನ್ನು ಕಲ್ಲುಗೋಡೆಗೆ ಉಜ್ಜಿದರು.

ಮೇಲೆ ಹಳೆಯ ಚರ್ಚಿನ ಪಾಳು. ಸೂರಿಲ್ಲ, ಗಂಟೆಗೋಪುರ ಮಾತ್ರ ನಿಂತಿದೆ. 1811ರಲ್ಲಿ ಗಡಿ ದಾಟಿ ಬಂದ ಸ್ಪೇನಿನ ಪಡೆ ಸುಟ್ಟುಹೋಯಿತಂತೆ. ಕನ್ನಡಿ ನೋಡುತ್ತಾ ಭಾವ ಶಪಿಸುತ್ತಿದ್ದಾಗ, ಕೊಳಾಯಿ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು ಎದ್ದುಬಂದು ಗೋಡೆಯಲ್ಲಿದ್ದ ಬೇರೆ ಬೇರೆ ಬಣ್ಣದ ಗೀರುಗಳನ್ನು ತೋರಿಸಿದರು. ನಾವೊಬ್ಬರೇ ಅಲ್ಲ ಅನ್ನುವ ಸಮಾಧಾನ. ರೈಲ್ವೆಯಲ್ಲಿ ಇದ್ದವರಂತೆ. ಕುದುರೆ ಎಲ್ಲಿ ಅಂತ ಭಾವ ತಮ್ಮ ಅರ್ಧಂಬರ್ಧ ಫ್ರೆಂಚ್‌ನಲ್ಲಿ ಕೇಳಿದರು.

"ನಮ್ಮ ಊರಿನ ಹೆಸರಿನ ಕುದುರೆ ಈಗ ಹಾಲೆಂಡಿನಲ್ಲೂ ಇದೆ, ಇಟಲಿಯಲ್ಲೂ ಇದೆ" ಅಂದರು ಅವರು. "ಊರಿನಲ್ಲಿ ನೋಡಬೇಕಾದರೆ ಬೆಟ್ಟ ಹತ್ತಬೇಕು."

ಆಮೇಲೆ ಕರಡಿ ವಿಷಯ ತೆಗೆದರು. 1996ರಿಂದ ಸರ್ಕಾರ ಸ್ಲೊವೇನಿಯಾದ ಕರಡಿಗಳನ್ನು ತಂದು ಪಿರೆನೀಸ್‌ನಲ್ಲಿ ಬಿಟ್ಟಿದೆ. ಕುರಿ ಸಾಕುವವರಿಗೆ ಅದು ಉರಿ. ರಸ್ತೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಣ್ಣ ಬಳಿದದ್ದು ನೋಡಿದ್ದೆವಲ್ಲ, ಅದು "ಕರಡಿ ಬೇಡ" ಅಂತ. ನಮ್ಮ ಕಡೆ ಆನೆ, ಚಿರತೆ ಜಗಳ ಗೊತ್ತಿರುವವನಿಗೆ ಇದು ಹೊಸದೇನಲ್ಲ. ಹೊರಡುವಾಗ ಮುದುಕರು ಒಂದು ಮಾತು ಹೇಳಿದ್ದು ಉಪಯೋಗಕ್ಕೆ ಬಂತು: ಕುರಿಮಂದೆ ಕಂಡರೆ ನಡುವೆ ನುಗ್ಗಬೇಡಿ, ದೂರದಿಂದ ಸುತ್ತಿಕೊಂಡು ಹೋಗಿ, ಓಡಬೇಡಿ. ಕಾವಲಿಗೆ ಪಾತೂ ಅನ್ನುವ ದೊಡ್ಡ ಬಿಳಿ ನಾಯಿಗಳಿರುತ್ತವೆ. ಅವಕ್ಕೆ ಪ್ರವಾಸಿ, ಕರಡಿ ಎರಡೂ ಒಂದೇ.

ಅರ್ಧ ಗಂಟೆಗೂ ಮೀರಿ ಏರಿದ ಮೇಲೆ ಬಿಸಿನೀರಿನ ಸಣ್ಣ ಗುಂಡಿಗಳು ಸಿಕ್ಕವು. ಅಲ್ಲಿ ಒಂದಷ್ಟು ಹುಡುಗರು ಕತ್ತಿನವರೆಗೆ ಮುಳುಗಿ ಕೂತಿದ್ದರು. ನಾವು ದಾಟಿ ಇನ್ನೂ ಮೇಲೆ ಹೋದೆವು. ಮಂಜು ಇಳಿಯಿತು. ಹತ್ತು ಮಾರು ಆಚೆ ಏನೂ ಕಾಣದು. ಭಾವ "ವಾಪಸ್ ಹೋಗೋಣ" ಅಂದರು. ಆಗ ಗಂಟೆ ಕೇಳಿಸಿತು. ದೇವಸ್ಥಾನದ್ದಲ್ಲ, ಕೊರಳಗಂಟೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಆಮೇಲೆ ಮಂಜಿನೊಳಗಿಂದ ಒಂದು ಕಪ್ಪು ತಲೆ, ಅದರ ಹಿಂದೆ ಇನ್ನೊಂದು. ಏಳು ತಾಯಿ ಕುದುರೆ, ನಾಲ್ಕು ಮರಿ. ಒಂದು ಮರಿ ಇನ್ನೂ ಹಾಲು ಜಾಸ್ತಿಯಾದ ಕಾಫಿ ಬಣ್ಣದಲ್ಲೇ ಇತ್ತು. ನಾವು ಬಂಡೆಯ ಮೇಲೆ ಅಲುಗದೆ ಕೂತೆವು. ಅವು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹುಲ್ಲು ಹರಿಯುತ್ತಾ ಬಂದವು. ಹುಲ್ಲು ಕಿತ್ತುಬರುವ ಆ ಪರಪರ ಸದ್ದು, ಗಂಟೆ, ಉಸಿರಿನ ಹಬೆ. ಎಷ್ಟು ಹೊತ್ತು ಕೂತಿದ್ದೆವೋ.

ಅಷ್ಟರಲ್ಲಿ ದೊಡ್ಡ ಹೆಣ್ಣು ಕುದುರೆಯೊಂದು ಹಿಂದಿನಿಂದ ಬಂದು ನನ್ನ ಬ್ಯಾಗಿನಲ್ಲಿ ಮೂತಿ ತೂರಿಸಿತು. ಬಿಸ್ಕೆಟ್ ಹುಡುಕುತ್ತಿತ್ತು ಅಂತ ಕಾಣುತ್ತದೆ. ಯಾರೋ ಪ್ರವಾಸಿಗರು ಕೊಟ್ಟು ಅಭ್ಯಾಸ ಮಾಡಿಸಿದ್ದಾರೆ, ಕೊಡಬಾರದು. ಬಿಸ್ಕೆಟ್ ಸಿಗದೆ ನನ್ನ ಮಳೆ ಜಾಕೆಟ್ ಎಳೆದು ಹಾಕಿ ಅದರ ಮೇಲೇ ನಿಂತುಕೊಂಡಿತು. ನಾಲ್ಕೈದು ನೂರು ಕಿಲೋ. ನಾನು "ಹೋಗ್... ಹೋಗ್" ಅಂದೆ. ಅದಕ್ಕೆ ಕನ್ನಡ ಬರಲಿಲ್ಲ. ಹನಿ ಶುರುವಾಯಿತು. ಅದು ಕದಲುವ ಹೊತ್ತಿಗೆ ಜಾಕೆಟ್ಟಿನ ತೋಳು ಹರಿದು, ನಾನು ತೊಪ್ಪೆಯಾಗಿದ್ದೆ.

ಕೆಳಗೆ ಬಂದಾಗ ಅಮ್ಮ ಇನ್ನೂ ತೊಟ್ಟಿಯಲ್ಲೇ. ಕಾಲು ಹಣ್ಣಾದ ಖರ್ಜೂರದ ಹಾಗೆ ಸುಕ್ಕಾಗಿತ್ತು.

ನಾಲ್ಕನೇ ದಿನ: ಗಾಡಿ

ಬಿಸಿಲು ಬಂತು. ಫಾರಂ ತಲುಪಿದಾಗ ಆಕೆ ಅಂಗಳದಲ್ಲಿ ಕುದುರೆಗೆ ಕಟ್ಟುವ ಪಟ್ಟಿಗಳನ್ನೆಲ್ಲ ಹರವಿಕೊಂಡಿದ್ದರು. ಅವತ್ತು ಬೆಳಿಗ್ಗೆ ಅದೇ ಕುದುರೆ ಪಕ್ಕದ ಕಾಡಿನಿಂದ ಎರಡು ದಿಮ್ಮಿ ಎಳೆದು ತಂದಿತ್ತು. ಯಂತ್ರ ಹೋದರೆ ಮಣ್ಣು ಅದುಮಿಹೋಗಿ ಎಳೇ ಸಸಿಗಳೆಲ್ಲ ಮುರಿಯುತ್ತವೆ, ಕುದುರೆಯಾದರೆ ಮರಗಳ ಸಂದಿಯಲ್ಲೇ ಹೊರಬರುತ್ತದೆ. ಮಧ್ಯಾಹ್ನ ಗಾಡಿ. ಶನಿವಾರ ಮಕ್ಕಳಿಗೆ ಸವಾರಿ ಕಲಿಸುವುದೂ ಇದರ ಮೇಲೆಯೇ.

ನನಗೆ ಈ ತಳಿಯ ಗುಟ್ಟು ಅಲ್ಲಿ ಸ್ವಲ್ಪ ಅರ್ಥವಾಯಿತು ಅನ್ನಿಸಿತು. ಓಟದಲ್ಲಿ ನಮ್ಮ ಕುಣಿಗಲ್ ಫಾರಂನ ರೇಸ್ ಕುದುರೆಯ ಮುಂದೆ ಇದು ನಿಲ್ಲುವುದಿಲ್ಲ. ಭಾರ ಎಳೆಯುವುದರಲ್ಲಿ ಉತ್ತರ ಫ್ರಾನ್ಸಿನ ಆನೆಯಂಥ ಕುದುರೆಗಳ ಅರ್ಧವೂ ಅಲ್ಲ. ಆದರೆ ಒಂದೇ ದಿನ ಮೂರು ಕೆಲಸಕ್ಕೆ ಬರುತ್ತದೆ. ಇದನ್ನು ಅಮ್ಮನಿಗೆ ಹೇಳಿದೆ. "ನಮ್ಮನೆ ಸ್ಟೀಲ್ ಪಾತ್ರೆ ಥರ" ಅಂದರು. "ಹಾಲಿಗೂ ಅದೇ, ಸಾರಿಗೂ ಅದೇ."

ಮೊದಲು ನನಗೆ ಸವಾರಿ. ಅಗಲ ಬೆನ್ನು, ಸೋಫಾದಲ್ಲಿ ಕೂತ ಹಾಗೆ. ಆಕೆ ಹಿಂದಿನಿಂದ "ಅಲೇ! ಅಲೇ!" ಅಂತ ಕೂಗಿದರು. ಫ್ರೆಂಚ್‌ನಲ್ಲಿ ಅದು "ಹೊರಡು". ನನ್ನ ಕಿವಿಗೆ ಕೇಳಿದ್ದು "ಅಲ್ಲೇ". ಸರಿ, ಅಲ್ಲೇ ನಿಲ್ಲಬೇಕೇನೋ ಅಂತ ಲಗಾಮು ಎಳೆದೆ. ಕುದುರೆ ಹೊರಡಲು ಕಾಲೆತ್ತಿದ್ದು ನಿಂತಿತು. ಆಕೆ ಮತ್ತೆ "ಅಲೇ!" ನಾನು ಮತ್ತೆ ಎಳೆದೆ. ಮೂರನೇ ಸಲಕ್ಕೆ ಕುದುರೆ ಕತ್ತು ತಿರುಗಿಸಿ ನನ್ನನ್ನು ನೋಡಿತು. ಅಕ್ಕ ಬೇಲಿಯಾಚೆ ನಗುತ್ತಾ ಕೂತುಬಿಟ್ಟಿದ್ದಳು, ಬಿಡಿಸಿ ಹೇಳಲು ಅವಳಿಗೆ ಉಸಿರೇ ಇರಲಿಲ್ಲ.

ಆಮೇಲೆ ಗಾಡಿ. ಎರಡು ಚಕ್ರದ್ದು. ಹಿಂದಿನಿಂದ ಹತ್ತಬೇಕು. ಆಕೆ ಮುಂದೆ ಲಗಾಮು ಹಿಡಿದು ಕೂತರು. ಅಮ್ಮ ಹತ್ತಿದರು, ಅಕ್ಕ ಹತ್ತಿದಳು, ನಾನು ಹತ್ತಿದೆ, ಕೊನೆಗೆ ಭಾವ ಹಿಂದಿನ ತುದಿಯಲ್ಲಿ ಕೂತರು. ಭಾವನ ತೂಕ ಇಲ್ಲಿ ಬರೆಯುವುದು ಬೇಡ. ಗಾಡಿ ಹಿಂದಕ್ಕೆ ವಾಲಿತು, ಮುಂದಿನ ಮೂಕಿ ಮೇಲೆದ್ದಿತು, ಹೊಟ್ಟೆಪಟ್ಟಿ ಬಿಗಿದು ಕುದುರೆ ತಲೆ ಕೊಡವಿತು. ಆಕೆ ತಿರುಗಿ ಏನೋ ಹೇಳಲು ಬಾಯಿ ತೆಗೆದರು.

ಅದಕ್ಕೂ ಮುಂಚೆ ಅಮ್ಮ ಸರಸರನೆ ಮುಂದಕ್ಕೆ ಜರುಗಿ, ಆಕೆಯ ಬೆನ್ನಿಗೆ ಅಂಟಿಕೊಂಡು ಕೂತಾಗಿತ್ತು. ತಿರುಗಿ ಜೋರಾಗಿ, ಯಾವುದೋ ಗಂಡಸಿನ ದನಿಯಲ್ಲಿ ಕೂಗಿದರು: "ಮುಂದೆ ಬನ್ನಿ, ಮುಂದೆ ಬನ್ನಿ! ರೀ, ಹಿಂದ್ಗಡೆಯವ್ರು ಮುಂದೆ ಬನ್ನಿ!"

ಭಾವ ಬೆಚ್ಚಿ ಮುಂದೆ ಬಂದರು. ಮೂಕಿ ಇಳಿದು ಸಮವಾಯಿತು. ಆಕೆ ಅಮ್ಮನನ್ನು ನೋಡಿ ಹುಬ್ಬೇರಿಸಿ, "ಈಕೆಗೆ ಗಾಡಿ ಗೊತ್ತು" ಅಂದರು ಅಕ್ಕನಿಗೆ. ಆಮೇಲೆ "ಅಲೇ!"

ಒಂದು ಗಂಟೆ ಸುತ್ತಿದೆವು. ಓಕ್ ಮರದ ನೆರಳು, ಜೋಳದ ಹೊಲ, ಒಂದು ಕಲ್ಲು ಸೇತುವೆ. ಇಳಿಜಾರಿನಲ್ಲಿ ಕುದುರೆ ಹಿಂಗಾಲು ಊರಿ ಗಾಡಿ ತಡೆಯುವುದನ್ನು ಅಮ್ಮ ಬಗ್ಗಿ ಬಗ್ಗಿ ನೋಡುತ್ತಿದ್ದರು. ಮಾತೇ ಆಡಲಿಲ್ಲ.

ಇಳಿದ ಮೇಲೆ ಅಕ್ಕ ಪರ್ಸ್ ತೆಗೆದಳು. ಆಕೆ ನಲವತ್ತು ಯೂರೋ ಅಂದರು. ಅಮ್ಮ ಅಕ್ಕನ ಕೈ ಹಿಡಿದು ನಿಲ್ಲಿಸಿದರು.

"ಮೂವತ್ತೈದು ಅನ್ನು."

"ಅಮ್ಮಾ, ಇಲ್ಲಿ ಹಾಗೆಲ್ಲ ಕೇಳಬಾರದು."

"ನೀನು ಅನ್ನು, ಸುಮ್ನೆ."

ಅಕ್ಕ ನಾಚಿಕೊಂಡು ಕೇಳಿದಳು. ಆಕೆ ಒಂದು ನಿಮಿಷ ಯೋಚಿಸಿ, ಅಮ್ಮನ ಬ್ಯಾಗಿನ ಕಡೆ ಬೆರಳು ತೋರಿಸಿದರು. ಮೂವತ್ತೈದು ಯೂರೋ, ಜೊತೆಗೆ ಆ ಕುದುರೆ ಕಾಳಿನ ಪುಡಿ ಡಬ್ಬಿ.